ಇನ್ನೂರ ಹದಿನಾಲ್ಕನೆಯ ಪುಟ

ನನ್ನ ಓದಿನಲ್ಲಿ ಇದುವರೆಗೆ ಯಾವ ಮಹಾಪುರುಷನೂ ಸತ್ತಿಲ್ಲ. ಅಷ್ಟೇಕೆ, ನಲವತ್ತು ದಾಟಿದವರೇ ಅಪರೂಪ. ಅವರೆಲ್ಲ ಹುಟ್ಟುತ್ತಾರೆ, ಮೇಷ್ಟರ ಕೈಯಲ್ಲಿ ಪೆಟ್ಟು ತಿನ್ನುತ್ತಾರೆ, ಬರಿಗಾಲಲ್ಲಿ ಶಾಲೆಗೆ ನಡೆಯುತ್ತಾರೆ, ಯೌವನದಲ್ಲಿ ಯಾರೋ ದೊಡ್ಡವರಿಗೆ ಎದುರು ಮಾತಾಡುತ್ತಾರೆ. ಅಷ್ಟು ಹೊತ್ತಿಗೆ ನನ್ನ ಕೈಗೆ ಇನ್ನೊಂದು ಪುಸ್ತಕ ಬಂದಿರುತ್ತದೆ. ಹಳೆಯದಕ್ಕೆ ಒಂದು ಗುರುತು ಇಟ್ಟು ಮುಚ್ಚಿಬಿಡುತ್ತೇನೆ. ನಾನು ಅಹಮದಾಬಾದಿನ ವಟ್ವಾದಲ್ಲಿ, ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಅಲ್ಲಿಯ ಲಿಟ್ಮಸ್ ಕಾಗದದ ಪಟ್ಟಿಗಳೇ ನನ್ನ ಗುರುತುಗಳು. ನಮ್ಮ ಮನೆಯ ಕಪಾಟಿನ ಮುಂದೆ ನಿಂತರೆ ಒಂದೊಂದು ಪುಸ್ತಕವೂ ಸಣ್ಣ ನೀಲಿ ನಾಲಿಗೆ ಚಾಚಿಕೊಂಡು ಕೂತಿರುವುದು ಕಾಣುತ್ತದೆ. ಎಲ್ಲ ನಾಲಿಗೆಗಳೂ ಪುಸ್ತಕದ ಮೊದಲ ಮೂರನೇ ಒಂದು ಭಾಗದಲ್ಲೇ ಇರುತ್ತವೆ.

ಪುಸ್ತಕವನ್ನು ಪೂರ್ತಿ ಓದದಿರುವುದು ಅಪರಾಧವಲ್ಲ. ಆದರೆ ನಾನು ಅಷ್ಟಕ್ಕೇ ನಿಲ್ಲುವ ಪೈಕಿ ಅಲ್ಲ. ಓದಿದ ಆ ಮೂರನೇ ಒಂದು ಭಾಗದ ಬಲದ ಮೇಲೆ ಊರವರಿಗೆಲ್ಲ ಶಿಫಾರಸು ಮಾಡುತ್ತೇನೆ. ನಿಜ ಹೇಳಬೇಕೆಂದರೆ, ಪೂರ್ತಿ ಓದಿದ ಪುಸ್ತಕವನ್ನು ಹಾಗೆ ಉತ್ಸಾಹದಿಂದ ಹೊಗಳಲು ಆಗುವುದೇ ಇಲ್ಲ. ಮುನ್ನೂರನೆಯ ಪುಟದ ಹೊತ್ತಿಗೆ ನಾಯಕನಿಗೆ ಹೊಟ್ಟೆ ಬಂದಿರುತ್ತದೆ, ಸಮಿತಿಗಳ ಅಧ್ಯಕ್ಷನಾಗಿರುತ್ತಾನೆ, ತಮ್ಮನ ಮೇಲೆ ಕೇಸು ಹಾಕಿರುತ್ತಾನೆ. ಇದೆಲ್ಲ ಗೊತ್ತಾದ ಮೇಲೆ "ನೀವು ಇದನ್ನು ಓದಲೇಬೇಕು" ಎನ್ನಲು ಬಾಯಿ ಬರುವುದಿಲ್ಲ. ಹೆಣ್ಣು ಗಂಡು ಜೋಡಿಸುವ ದಲ್ಲಾಳಿ ಹುಡುಗನ ಬಗ್ಗೆ ಎಷ್ಟು ತಿಳಿದಿರಬೇಕೋ ಅಷ್ಟೇ ತಿಳಿದಿದ್ದರೆ ಮಾತು ಸಲೀಸು.

ನನ್ನ ಹೆಂಡತಿ ವನಜಾಳ ಪದ್ಧತಿ ಇದಕ್ಕೆ ತದ್ವಿರುದ್ಧ. ಅವಳು ಜೀವನಚರಿತ್ರೆಯ ಕೊನೆಯ ಅಧ್ಯಾಯವನ್ನು ಮೊದಲು ಓದುತ್ತಾಳೆ. "ಹೇಗೆ ಹೋದ್ರು ಅಂತ ಗೊತ್ತಾದ್ರೆ ಸಾಕು, ಹೇಗೆ ಬದುಕಿದ್ರು ಅಂತ ತಾನೇ ತಿಳಿಯತ್ತೆ" ಎನ್ನುತ್ತಾಳೆ. ಹೀಗಾಗಿ ನಮ್ಮ ಮನೆಗೆ ಬಂದ ಪ್ರತಿ ಮಹಾಪುರುಷನ ಬಾಲ್ಯ ನನ್ನ ಪಾಲಿಗೆ, ಅಂತ್ಯಕ್ರಿಯೆ ಅವಳ ಪಾಲಿಗೆ. ಊಟಕ್ಕೆ ಕೂತಾಗ ನಾವಿಬ್ಬರೂ ಆ ವ್ಯಕ್ತಿಯ ಬಗ್ಗೆ ಚರ್ಚಿಸುವುದನ್ನು ಕೇಳಿದರೆ ಯಾರಾದರೂ ನಮ್ಮನ್ನು ದೊಡ್ಡ ವಿದ್ವಾಂಸರೆಂದು ತಿಳಿಯಬೇಕು. ನಡುವಿನ ಮುನ್ನೂರು ನಾನೂರು ಪುಟಗಳ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ದಪ್ಪ ಪುಸ್ತಕ ಹಿಡಿದು ಅಹಮದಾಬಾದಿನ ಸಿಟಿ ಬಸ್ಸಿನಲ್ಲಿ ಕೂರುವುದೂ ಒಂದು ಅನುಭವವೇ. ಇಲ್ಲಿ ಚರಿತ್ರೆಯ ಪುಸ್ತಕ ಕೈಯಲ್ಲಿದ್ದರೆ ಅದು ಸರ್ಕಾರಿ ಪರೀಕ್ಷೆಗೇ ಎಂದು ಜನರ ನಂಬಿಕೆ. ಒಮ್ಮೆ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ನನ್ನ ಬಿಳಿಗೂದಲನ್ನೂ ಪುಸ್ತಕವನ್ನೂ ಎರಡೆರಡು ಸಲ ನೋಡಿ, "ಕಾಕಾ, ನಿಮಗೆ ಇನ್ನೂ ಎಷ್ಟು ಅಟೆಂಪ್ಟ್ ಉಳಿದಿದೆ?" ಎಂದು ಹಿಂದಿಯಲ್ಲಿ ಬಹಳ ಕನಿಕರದಿಂದ ಕೇಳಿದಳು. ಇದೇ ಕೊನೆಯದು ಎಂದೆ. ಇಳಿಯುವಾಗ ಅವಳು ನನಗೆ ಶುಭ ಹಾರೈಸಿ ಹೋದಳು.

ಇಂಥ ಊರಿನಲ್ಲಿ ಕನ್ನಡದ ಚರಿತ್ರೆ, ಜೀವನಚರಿತ್ರೆಗಳನ್ನು ಓದುವವರ ಒಂದು ಕೂಟವಿದೆ ಎಂದರೆ ನೀವು ನಂಬುವುದಿಲ್ಲ. ಇದೆ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಣಿನಗರದ ನಮ್ಮ ಫ್ಲ್ಯಾಟಿನಲ್ಲಿ ಏಳೆಂಟು ಜನ ಸೇರುತ್ತೇವೆ. ಊರಿನ ಪದ್ಧತಿಯಂತೆ ಕಡಲೆಹಿಟ್ಟಿನ ಫಾಫ್ಡಾ, ಜಲೇಬಿ ತರಿಸುತ್ತೇವೆ, ನಮ್ಮ ಪದ್ಧತಿಯಂತೆ ಅದರ ಮೇಲೆ ಉಪ್ಪಿಟ್ಟನ್ನೂ ತಿನ್ನುತ್ತೇವೆ. ಒಬ್ಬರು ಒಂದು ಪುಸ್ತಕವನ್ನು ಶಿಫಾರಸು ಮಾಡಬೇಕು, ಮಿಕ್ಕವರು ಪ್ರಶ್ನೆ ಕೇಳಬೇಕು. ಒಂದೇ ಒಂದು ಕಟ್ಟುನಿಟ್ಟಾದ ನಿಯಮವಿದೆ: ಯಾರೂ ತಮ್ಮ ಜಿಲ್ಲೆಯ ರಾಜವಂಶವನ್ನು ಹೊಗಳಬಾರದು. ನಾವೆಲ್ಲ ಒಂದೊಂದು ಜಿಲ್ಲೆಯವರು. ಊರು ಬಿಟ್ಟು ಸಾವಿರ ಮೈಲಿ ಬಂದ ಮೇಲೆ ಊರಿನ ರಾಜನ ಮೇಲೆ ಇಲ್ಲದ ಪ್ರೀತಿ ಉಕ್ಕುತ್ತದೆ. ಶುರುವಿನ ಎರಡು ಭಾನುವಾರಗಳನ್ನು ಎಂಟುನೂರು ವರ್ಷ ಹಿಂದಿನ ಯುದ್ಧವೊಂದರಲ್ಲಿ ಗೆದ್ದವರು ಯಾರು ಎಂಬುದೇ ನುಂಗಿಹಾಕಿತ್ತು. ಆಮೇಲೆ ಈ ನಿಯಮ ಬಂತು.

ನಿಯಮ ಬಂದ ಮರು ತಿಂಗಳೇ ಅದಕ್ಕೆ ಕಳ್ಳದಾರಿ ಕಂಡುಹಿಡಿದವರು ದೇಸಾಯಿಯವರು. ಧಾರವಾಡದವರು, ಇಲ್ಲಿಯ ಕೇಂದ್ರ ಸಂಶೋಧನಾ ಸಂಸ್ಥೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರ ಹೆಸರು ಕೇಳಿದ ಕೂಡಲೇ ಗುಜರಾತಿನ ಜನ ನಮ್ಮವರೇ ಎಂದುಕೊಂಡು ಗುಜರಾತಿಯಲ್ಲಿ ಶುರುಮಾಡುತ್ತಾರೆ. ಅವರೂ ಗಂಭೀರವಾಗಿ ತಲೆಯಾಡಿಸಿ, ಅರ್ಥವಾಗದ ಕಡೆ ಸ್ವಲ್ಪ ಹೆಚ್ಚೇ ಆಡಿಸುತ್ತಾರೆ. ಅವರು ತಮ್ಮ ಕಡೆಯ ರಾಜನನ್ನು ಹೊಗಳುವುದನ್ನು ಬಿಟ್ಟು, ಆ ರಾಜನಿಂದ ಸೋತವರ ಚರಿತ್ರೆಗಳನ್ನು ಒಂದೊಂದಾಗಿ ಶಿಫಾರಸು ಮಾಡತೊಡಗಿದರು. ಯಾವ ಪುಸ್ತಕದ ಹೆಸರೆತ್ತಿದರೂ "ಎರಡು ಸಲ ಓದೇನ್ರೀ" ಎನ್ನುವುದು ಅವರ ವಾಡಿಕೆ. ಒಂದು ಸಲ ಎನ್ನುವುದನ್ನು ನಾನು ಕೇಳಿಲ್ಲ.

ಇನ್ನೊಬ್ಬಳು ರಶ್ಮಿ. ದಾವಣಗೆರೆಯ ಹುಡುಗಿ, ಇಪ್ಪತ್ತೇಳು ವಯಸ್ಸು. ಸೂರತ್ತಿನ ಉಧ್ನಾದಲ್ಲಿ ಸೀರೆಗೆ ಅಚ್ಚು ಹಾಕುವ ಮಿಲ್ಲೊಂದರಲ್ಲಿ ಗುಣಮಟ್ಟ ನೋಡುವ ಕೆಲಸ. ಅವಳು ಬೆಳಗಿನ ರೈಲು ಹಿಡಿದು, ವಡೋದರಾ ದಾಟುವ ಹೊತ್ತಿಗೆ ನೂರು ಪುಟ ಓದಿ ಮುಗಿಸಿ ಬರುತ್ತಾಳೆ. ನಮ್ಮ ಕೂಟದಲ್ಲಿ ಪುಸ್ತಕವನ್ನು ನಿಜವಾಗಿ ಓದುವವಳು ಅವಳೊಬ್ಬಳೇ ಎಂದು ನನಗೆ ಮೊದಲಿನಿಂದ ಗುಮಾನಿಯಿತ್ತು. ಅದಕ್ಕೇ ಅವಳೆದುರು ಮಾತಾಡುವಾಗ ಸ್ವಲ್ಪ ಎಚ್ಚರವಾಗಿರುತ್ತಿದ್ದೆ.

ಹೋದ ಚಳಿಗಾಲದ ಒಂದು ಭಾನುವಾರ ಆ ಎಚ್ಚರ ತಪ್ಪಿತು. ಚಹಾ ಕುಡಿಯುವಾಗ ರಶ್ಮಿ ತನ್ನ ಮಿಲ್ಲಿನ ಸಂಕಟ ಹೇಳಿಕೊಂಡಳು. ಬಣ್ಣ ಸರಿಯಾಗಿ ಕೂರದ ತಾನುಗಳನ್ನು ಅವಳು ಬೇಡವೆಂದು ಬದಿಗಿಟ್ಟರೆ, ಸಂಜೆ ಮ್ಯಾನೇಜರು ಬಂದು ನಗುನಗುತ್ತಲೇ "ಬೇನ್, ಸಹಿ ಮಾಡಿಬಿಡಿ, ಲಾರಿ ನಿಂತಿದೆ" ಎನ್ನುತ್ತಾನೆ. ಅವಳ ಸಹಿ ಹೊತ್ತುಕೊಂಡೇ ಆ ಕೆಟ್ಟ ಮಾಲು ಊರೂರಿಗೆ ಹೋಗುತ್ತದೆ. ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಅಂದು ಶಿಫಾರಸಿನ ಸರದಿ ನನ್ನದು. ನಾನು ತಂದಿಟ್ಟುಕೊಂಡಿದ್ದ ಪುಸ್ತಕ ಆ ಮಾತಿಗೆ ಹೇಳಿ ಮಾಡಿಸಿದಂತಿತ್ತು.

ಅದು ಹಿಂದಿನ ಕಾಲದ ಸಂಸ್ಥಾನವೊಂದರ ವೈದ್ಯರ ಜೀವನಚರಿತ್ರೆ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ತೆಗೆದು ಓದಿಬಿಡುತ್ತೀರಿ. ಒಟ್ಟು ಆರುನೂರ ಹನ್ನೆರಡು ಪುಟ. ಊರಿಗೆ ಜ್ವರ ಬಡಿದು ಜನ ಸಾಯುತ್ತಿರುವಾಗ ದಿವಾನರು ಈ ವೈದ್ಯರನ್ನು ರಾಜರ ಬೇಟೆಯ ಶಿಬಿರಕ್ಕೆ ಕಳಿಸಲು ನೋಡುತ್ತಾರೆ. ಮೂವತ್ತನಾಲ್ಕು ವರ್ಷದ ವೈದ್ಯರು ನಾಲ್ಕೇ ಸಾಲಿನ ರಾಜೀನಾಮೆಯನ್ನು ದಿವಾನರ ಮೇಜಿನ ಮೇಲಿಟ್ಟು, ಅರಮನೆಯ ಮೆಟ್ಟಿಲಿಳಿದು, ಮಳೆಯಲ್ಲಿ ಕೊಡೆಯಿಲ್ಲದೆ ಮನೆಗೆ ನಡೆಯುತ್ತಾರೆ. ಇದು ಇನ್ನೂರ ಹದಿನಾಲ್ಕನೆಯ ಪುಟ. ನಾನು ಇದನ್ನು ವರ್ಣಿಸಿದ ರೀತಿಗೆ ನನಗೇ ರೋಮಾಂಚನವಾಯಿತು. "ನಾಲ್ಕು ಸಾಲು! ಮನುಷ್ಯ ಅಂದ್ರೆ ಹಾಗಿರ್ಬೇಕು!" ಎಂದು ಮೇಜು ಕುಟ್ಟಿದೆ. ದೇಸಾಯಿಯವರು ಕಣ್ಣು ಮುಚ್ಚಿ, "ಏನ್ ಪುಸ್ತಕಾರೀ ಅದು! ಎರಡು ಸಲ ಓದೇನಿ" ಎಂದರು. ರಶ್ಮಿ ಹೊರಡುವಾಗ ಆ ಪುಸ್ತಕ ಕೇಳಿ ತೆಗೆದುಕೊಂಡು ಹೋದಳು.

ಎರಡು ವಾರ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಅವಳ ಫೋನು ಬಂತು. ದನಿಯಲ್ಲಿ ಹಬ್ಬದ ಸಡಗರ.

"ಅಂಕಲ್, ಲೆಟರ್ ಬರ್ದೆ. ನಾಲ್ಕೇ ಸಾಲು. ಸೋಮವಾರ ಕೊಟ್ಬಿಡ್ತೀನಿ."

"ಬೇರೆ ಕೆಲಸ ಸಿಕ್ತಾ ಅಮ್ಮಾ?" ಎಂದೆ.

"ಇಲ್ಲ ಅಂಕಲ್. ಡಾಕ್ಟ್ರು ಬೇರೆ ಕೆಲಸ ನೋಡ್ಕೊಂಡು ಬಿಟ್ರಾ? ನೀವು ಆ ಪುಟದಲ್ಲಿ ಗುರುತು ಇಟ್ಟಿದ್ರಲ್ಲ, ಅಲ್ಲಿಗೇ ನಿಲ್ಸಿದೀನಿ. ಮುಂದೆ ಓದೋಕೆ ಮನಸ್ಸೇ ಬರ್ಲಿಲ್ಲ. ಮುಖ್ಯವಾದ ಜಾಗ ಅಂತಾನೇ ಗುರುತು ಇಟ್ಟಿದ್ದು ನೀವು, ಅಲ್ವಾ?" ಎಂದಳು. ಆಮೇಲೆ, "ಮುಂದೆ ಏನಾಯ್ತು ಅಂಕಲ್ ಅವ್ರಿಗೆ?" ಎಂದು ಕೇಳಿದಳು.

ನೋಡಿ, ನನ್ನ ಇಷ್ಟು ವರ್ಷದ ಶಿಫಾರಸುಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ನೀನೇ ಮುಂದಿನ ಪುಟ ತಿರುಗಿಸಿ ನೋಡು" ಎಂದಿದ್ದರೆ ಮುಗಿಯುತ್ತಿತ್ತು. ಹಾಗೆಂದರೆ ನಾನು ತಿರುಗಿಸಿಲ್ಲ ಎಂದು ಒಪ್ಪಿಕೊಂಡಂತಾಗುತ್ತದಲ್ಲ! ವನಜಾ ಓದಿ ಹೇಳಿದ್ದ ಕೊನೆಯ ಅಧ್ಯಾಯ ನೆನಪಾಯಿತು. "ಕೊನೆಗೆ ಇಡೀ ಊರೇ ಅವ್ರ ಹಿಂದೆ ನಡೀತು ಕಣಮ್ಮ" ಎಂದುಬಿಟ್ಟೆ. ಸುಳ್ಳಲ್ಲ, ಅಂತ್ಯಯಾತ್ರೆಗೆ ಊರೇ ಸೇರಿತ್ತಂತೆ. ರಶ್ಮಿ "ಥ್ಯಾಂಕ್ಸ್ ಅಂಕಲ್" ಎಂದು ಖುಷಿಯಲ್ಲೇ ಫೋನಿಟ್ಟಳು.

ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಅವರೆಕಾಳು ಸುಲಿಯುತ್ತಿದ್ದ ವನಜಾ ತಲೆಯೆತ್ತಿದಳು. "ರೀ, ಊರು ಹಿಂದೆ ನಡೆದಾಗ ಅವ್ರಿಗೆ ಎಪ್ಪತ್ತೊಂಬತ್ತು. ಕೆಲಸ ಬಿಟ್ಟಾಗ ಮೂವತ್ನಾಲ್ಕು. ನಡುವೆ ನಲವತ್ತೈದು ವರ್ಷ ಮನೇಲಿ ಏನು ಬೇಯಿಸ್ತಿದ್ರು ಅಂತ ನಿಮಗೆ ಗೊತ್ತಾ? ನನಗಂತೂ ಗೊತ್ತಿಲ್ಲ. ಆ ಹುಡುಗಿ ಹಾಸ್ಟೆಲಲ್ಲಿ ಇರೋಳು. ಊರಲ್ಲಿ ಅವಳಪ್ಪಂಗೆ ಕೈಲಾಗಲ್ಲ, ಅವಳ ಸಂಬಳದಲ್ಲೇ ಮನೆ ನಡೀತಿರೋದು. ಸೋಮವಾರದಿಂದ ಅವಳು ಏನು ಮಾಡ್ಬೇಕು?" ಎಂದಳು. ತಮಾಷೆಯ ಚಟ ಒಂದು ಹುಡುಗಿಯ ಅನ್ನಕ್ಕೆ ಸಂಚಕಾರ ತರುತ್ತದೆ ಎಂದು ನಾನು ಎಣಿಸಿರಲಿಲ್ಲ. ನಿಜಕ್ಕೂ ಹೆದರಿದೆ.

ಇದ್ದ ಒಂದು ಪ್ರತಿ ಸೂರತ್ತಿನಲ್ಲಿತ್ತು. ಎರಡು ಸಲ ಓದಿದವರು ಇದ್ದಾರಲ್ಲ ಎಂದು ನೆನಪಾಗಿ, ಮಧ್ಯಾಹ್ನದ ಊಟ ಮುಗಿದದ್ದೇ ದೇಸಾಯಿಯವರ ಮನೆಗೆ ಓಡಿದೆ. ವಿಷಯ ಹೇಳಿ, "ರಾಜೀನಾಮೆ ಆದ ಮೇಲೆ ಅವರ ಗತಿ ಏನಾಯ್ತು, ಸ್ವಲ್ಪ ಹೇಳಿ" ಎಂದೆ. ದೇಸಾಯಿಯವರು ಎದ್ದು ಕಿಟಕಿ ತೆರೆದರು, ಮುಚ್ಚಿದರು. "ಅದರಾಗ ಭಾಳ ವಿಷಯ ಬರ್ತಾವ್ರೀ ಮೂರ್ತಿ. ಹಿಂಗ ಬಾಯಿಲೆ ಹೇಳೂದಲ್ಲ ಅದು" ಎಂದರು. ನಾನು ಕಪಾಟಿನತ್ತ ನೋಡಿದೆ. ಆ ಪುಸ್ತಕ ಅಲ್ಲೇ ಇತ್ತು. ತೆಗೆದೆ. ಅಂಗಡಿಯವರು ಸುತ್ತಿದ್ದ ತೆಳು ಪ್ಲಾಸ್ಟಿಕ್ ಹೊದಿಕೆ ಇನ್ನೂ ಮೈಮೇಲೇ ಇತ್ತು.

ನಾವಿಬ್ಬರೂ ಒಂದು ನಿಮಿಷ ಆ ಪ್ಲಾಸ್ಟಿಕ್ಕನ್ನು ಭಕ್ತಿಯಿಂದ ನೋಡಿದೆವು.

"ನಾ ರಿಟೈರಾದಾಗ ನಮ್ಮ ತಂಗೀ ಮಗ ಕೊಟ್ಟಿದ್ದು" ಎಂದರು ದೇಸಾಯಿಯವರು. ಮತ್ತೆ ತಾವೇ, "ನೀವು ಎಲ್ಲೀ ತನಕಾ ಓದೀರಿ? ಖರೇ ಹೇಳ್ರಿ" ಎಂದು ಕೇಳಿದರು.

"ಇನ್ನೂರ ಹದಿನಾಲ್ಕು."

"ಅಂದ್ರ ನನಗಿಂತ ಇನ್ನೂರ ಹದಿನಾಲ್ಕು ಪುಟ ಮುಂದದೀರಿ ಬಿಡ್ರಿ" ಎಂದು ಅವರು ನಕ್ಕರು. ಹತ್ತು ವರ್ಷದ ಪರಿಚಯದಲ್ಲಿ ನಾವು ಒಬ್ಬರಿಗೊಬ್ಬರು ನಿಜ ಹೇಳಿದ್ದು ಅದೇ ಮೊದಲು. ಇಬ್ಬರಿಗೂ ಹಗುರವಾಯಿತು.

ಹೊದಿಕೆ ಹರಿದು, ಕನ್ನಡಕ ಒರೆಸಿಕೊಂಡು ಓದಲು ಕೂತೆವು. ಇನ್ನೂರ ಹದಿನೈದನೆಯ ಪುಟದಲ್ಲಿ ವೈದ್ಯರು ಮನೆ ತಲುಪಿ ಒದ್ದೆ ಬಟ್ಟೆ ಬದಲಿಸಿದರು. ಇನ್ನೂರ ಹದಿನಾರನೆಯ ಪುಟದಲ್ಲಿ ಒಂದು ವಾಕ್ಯವಿತ್ತು: ಮುಂದಿನ ಹನ್ನೊಂದು ವರ್ಷಗಳನ್ನು ಅವರು ಬಹಳ ಕಷ್ಟದಲ್ಲಿ ಕಳೆದರು. ಅದರ ಮುಂದಿನ ವಾಕ್ಯದಲ್ಲಿ ಅವರಿಗೆ ನಲವತ್ತೈದು ವರ್ಷವಾಗಿ, ಬೇರೊಂದು ಪಟ್ಟಣದ ದೊಡ್ಡ ಆಸ್ಪತ್ರೆಗೆ ಮುಖ್ಯಸ್ಥರಾಗಿದ್ದರು. ಅಲ್ಲಿಂದಾಚೆಗೆ ಬರೀ ಸನ್ಮಾನಗಳು. ನಾವು ಹಿಂದೆ ಮುಂದೆ ತಿರುವಿದೆವು, ಅಡಿಟಿಪ್ಪಣಿ ನೋಡಿದೆವು, ಅನುಬಂಧ ಜಾಲಾಡಿದೆವು. ಸಂಜೆಯಾದರೂ ಆ ಹನ್ನೊಂದು ವರ್ಷ ಸಿಗಲಿಲ್ಲ. ವೈದ್ಯರ ಮನೆಯಲ್ಲಿ ಒಲೆ ಹೇಗೆ ಉರಿಯಿತು, ಹೆಂಡತಿ ಬೈದಳೇ, ಒಂದು ದಿನವಾದರೂ ಆ ನಾಲ್ಕು ಸಾಲಿಗೆ ಪಶ್ಚಾತ್ತಾಪ ಪಟ್ಟರೇ, ಒಂದೂ ಇಲ್ಲ. ಆರುನೂರು ಪುಟ ಬರೆದ ಪುಣ್ಯಾತ್ಮನೂ ನನ್ನ ಮತ್ತು ವನಜಾಳ ಹಾಗೆಯೇ ನಡುವಿನದನ್ನು ಹಾರಿಸಿಬಿಟ್ಟಿದ್ದ.

"ಬರೆದವ್ಗೂ ಗೊತ್ತಿದ್ದಿಲ್ಲ ಕಾಣ್ತದ" ಎಂದರು ದೇಸಾಯಿಯವರು. "ಆ ಹುಡುಗಿಗೆ ನಿಜ ಹೇಳಿಬಿಡ್ರಿ."

ಭಾನುವಾರ ಬೆಳಿಗ್ಗೆ ರಶ್ಮಿಗೆ ಫೋನು ಮಾಡಿದೆ. ಮೇಜು ಕುಟ್ಟಿ ಹೊಗಳುವ ಬಾಯಿಗೆ ತಪ್ಪೊಪ್ಪಿಕೊಳ್ಳುವ ಅಭ್ಯಾಸವಿರಲಿಲ್ಲ, ತಡವರಿಸಿದೆ. ನಾನು ಆ ಪುಸ್ತಕ ಪೂರ್ತಿ ಓದಿರಲಿಲ್ಲ ಎಂದೂ, ಗುರುತು ಇಟ್ಟಿದ್ದು ಮುಖ್ಯವೆಂದಲ್ಲ, ನಾನು ಅಲ್ಲಿಗೆ ನಿಲ್ಲಿಸಿದ್ದೆ ಎಂದೂ, ಮುಂದಿನ ಹನ್ನೊಂದು ವರ್ಷಕ್ಕೆ ಪುಸ್ತಕದಲ್ಲಿ ಒಂದೇ ವಾಕ್ಯವಿದೆ ಎಂದೂ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೋಗ್ಲಿ ಬಿಡಿ ಅಂಕಲ್" ಎಂದಳು ತಣ್ಣಗೆ. "ನೀವು ಇಪ್ಪತ್ತೆಂಟು ವರ್ಷದಿಂದ ಬಣ್ಣದ ಫ್ಯಾಕ್ಟರೀಲೇ ಇದೀರಲ್ಲ. ನಿಮಗೆ ಯಾವತ್ತೂ ಹಿಂಗೆ ಆಗಿಲ್ವಾ? ಆಗಿದ್ರೆ ನೀವೇನು ಮಾಡಿದ್ರಿ, ಅದ್ನಾದ್ರೂ ಹೇಳಿ."

ಆಗಿತ್ತು. ಕೆಲಸಕ್ಕೆ ಸೇರಿ ಎಂಟನೆಯ ವರ್ಷ. ಒಂದು ಕೆಂಪು ಬಣ್ಣದ ಬ್ಯಾಚು ಪರೀಕ್ಷೆಯಲ್ಲಿ ನಿಂತಿರಲಿಲ್ಲ. ಮೇಲಿನವರು ವರದಿಯನ್ನೂ ಪೆನ್ನನ್ನೂ ಮುಂದಿಟ್ಟು ನಿಂತರು. ನಾನು ಸಹಿ ಹಾಕಿದೆ. ಯಾರೂ ಸಾಯಲಿಲ್ಲ, ಯಾವುದೋ ಊರಲ್ಲಿ ಯಾರದೋ ಹೊಸ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿರಬಹುದು, ಅಷ್ಟೆ. ಅವತ್ತು ನಾನೂ ರಾಜೀನಾಮೆ ಬರೆದಿದ್ದೆ. ನಾಲ್ಕು ಸಾಲಲ್ಲ, ಎರಡು ಪುಟ. ಕೊಡಲಿಲ್ಲ. ಆಮೇಲಿನ ಇಪ್ಪತ್ತು ವರ್ಷ ಒಂದೊಂದು ಬ್ಯಾಚಿಗೂ ಜಗಳವಾಡಿದ್ದೇನೆ. ಕೆಲವು ಸಲ ಗೆದ್ದೆ, ಎಷ್ಟೋ ಸಲ ಸೋತೆ. ಇನ್ನು ಕೆಲವು ಸಲ ಮೈ ಹುಷಾರಿಲ್ಲವೆಂದು ರಜೆ ಹಾಕಿ ಸಹಿಯಿಂದ ತಪ್ಪಿಸಿಕೊಂಡೆ. ಇದನ್ನೆಲ್ಲ ಅವಳಿಗೆ ಹೇಳುತ್ತ ಹೋದೆ. ಹೇಳುವಾಗಲೇ ನನಗೆ ಹೊಳೆಯಿತು, ನಾನು ಪುಸ್ತಕಗಳನ್ನು ಯಾಕೆ ಅಲ್ಲೇ ಮುಚ್ಚುತ್ತೇನೆ ಎಂದು. ಅಲ್ಲಿ ಅವರು, ನಾನು ಮಾಡಲಾಗದ್ದನ್ನು ಮಾಡಿ ಮೆಟ್ಟಿಲು ಇಳಿಯುತ್ತಾರೆ. ಅಲ್ಲಿಂದ ಮುಂದೆ ಅವರ ಜೊತೆ ನಡೆಯಲು ನನಗೆ ನಾಚಿಕೆ.

ಸುಮಾರು ಒಂದು ಗಂಟೆ ಮಾತಾಡಿದೆ. ರಶ್ಮಿ ಹ್ಞೂಂ ಹ್ಞೂಂ ಎನ್ನುತ್ತ ಪೂರ್ತಿ ಕೇಳಿದಳು. ನಡುವೆ ಒಮ್ಮೆ ಮಾತ್ರ, "ಆವತ್ತು ನಿಮ್ಮ ಮೇಲಿನವ್ರೇ ಯಾಕೆ ಸಹಿ ಹಾಕ್ಲಿಲ್ಲ ಅಂಕಲ್? ಪೆನ್ನು ಅವ್ರ ಕೈಲೇ ಇತ್ತಲ್ಲ?" ಎಂದು ಕೇಳಿದಳು. ಇಪ್ಪತ್ತು ವರ್ಷದಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ ಎಂದೆ.

ಫೋನಿಟ್ಟು ತಿರುಗಿದರೆ ವನಜಾ ನಿಂತಿದ್ದಳು. ಈ ಸಹಿಯ ಕಥೆಯನ್ನು ನಾನು ಅವಳಿಗೂ ಹೇಳಿರಲಿಲ್ಲ. "ಇಪ್ಪತ್ತು ವರ್ಷದ ಹಿಂದೆ ಆ ವಾರ ನೀವು ಸಾರಿಗೆ ಉಪ್ಪು ಕಡಿಮೆ ಅಂತಾನೂ ಹೇಳ್ಲಿಲ್ಲ. ಏನೋ ಆಗಿದೆ ಅಂತ ಗೊತ್ತಾಗಿತ್ತು. ನೀವಾಗೇ ಹೇಳ್ತೀರಿ ಅಂತ ಕಾದೆ" ಎಂದಳು. ನನ್ನ ಪಕ್ಕದಲ್ಲಿ ಕೂತಳು.

ಸೋಮವಾರ ಸಂಜೆ ಆರಕ್ಕೆ ರಶ್ಮಿಯ ಫೋನು. "ಅಂಕಲ್, ಲೆಟರ್ ಕೊಡ್ಲಿಲ್ಲ. ಸಹಿನೂ ಹಾಕ್ಲಿಲ್ಲ. ನೀವೇ ಹಾಕಿ ಸರ್, ಲಾರಿ ನಿಂತಿದೆ ಅಂತ ಪೆನ್ನು ಮ್ಯಾನೇಜರ್ ಕೈಗೇ ಕೊಟ್ಟೆ. ಅವ್ರು ಎರಡು ನಿಮಿಷ ಪೆನ್ನು ಹಿಡ್ಕೊಂಡು ಹಂಗೇ ನಿಂತಿದ್ರು. ಆಮೇಲೆ ಮಾಲು ಇಳಿಸೋಕೆ ಹೇಳಿದ್ರು!" ಎಂದಳು. "ನಾಳೆ ದೊಡ್ಡ ಸಾಹೇಬ್ರು ಕರ್ದಿದಾರೆ. ಏನಾಗುತ್ತೋ. ಏನಾಗ್ಬಹುದು ಅಂಕಲ್?"

ಗೊತ್ತಿಲ್ಲ ಕಣಮ್ಮ ಎಂದೆ. ಇಷ್ಟು ವರ್ಷ ಎಷ್ಟೋ ಜನಕ್ಕೆ ಎಷ್ಟೋ ಪುಸ್ತಕ ಹೇಳಿದವನು ನಾನು. ಈ ಮಾತು ಬಾಯಿಂದ ಬಂದದ್ದು ಅದೇ ಮೊದಲು.

ಮಂಗಳವಾರ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಾಗಲಿಲ್ಲ. ನಾಲ್ಕೂವರೆಗೇ ಹೊರಟು ಮನೆಗೆ ಬಂದೆ. ದೇಸಾಯಿಯವರು ಆಗಲೇ ಬಂದು ಕೂತಿದ್ದರು. ಸುಮ್ಮನೆ ಈ ಕಡೆ ಬಂದಿದ್ದೆ ಎಂದರು. ವನಜಾ ಮೂರು ಲೋಟ ಕಾಫಿ ತಂದಿಟ್ಟು ತಾನೂ ಕುರ್ಚಿ ಎಳೆದುಕೊಂಡಳು. ನಾವು ಮೂವರೂ ಫೋನನ್ನು ನಡುವೆ ಇಟ್ಟುಕೊಂಡು ಕೂತೆವು. ಆರಾಯಿತು. ಆರು ಹತ್ತಾಯಿತು. ಮುಂದೇನಾಯಿತು ಎಂದು ತಿಳಿಯಲು ನಾನು ಹಾಗೆ ಕಾದದ್ದು, ನನ್ನ ಓದಿನ ಇತಿಹಾಸದಲ್ಲೇ ಇರಲಿಲ್ಲ.